ಹಳೆಯ ಪೆಟ್ಟಿನ ಕಾಲು, ಶಹಾಬಾದಿ ಕಲ್ಲಿನ ನೆಲ

ಮೂವತ್ತೈದರ ವಯಸ್ಸಿನಲ್ಲಿ ತೊಗರಿ ಹೊಲದ ಬದುವಿನಿಂದ ಜಾರಿ ನನ್ನ ಬಲಗಾಲ ಹರಡು, ಅಂದರೆ ಪಾದದ ಮೇಲಿನ ಕೀಲು, ಮುರಿದಿತ್ತು. ಆರು ವಾರ ಪ್ಲಾಸ್ಟರ್ ಹಾಕಿದರು, ತೆಗೆದ ಮೇಲೆ ನಾನದನ್ನು ಮರೆತೆ. ಅರವತ್ತು ದಾಟಿದ ಮೇಲೆ ಅದಕ್ಕೆ ನನ್ನ ನೆನಪಾಯಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ಇಡಬೇಕು. ಕಲಬುರಗಿಯ ನಮ್ಮ ಓಣಿಯಲ್ಲಿ ವಿಚಾರಿಸಿದರೆ ಇಂಥ ಕಾಲುಗಳು ಮನೆಮನೆಯಲ್ಲೂ ಇವೆ. ಒಬ್ಬರದು ಬೈಕಿನಿಂದ ಬಿದ್ದ ಮೊಣಕಾಲು, ಇನ್ನೊಬ್ಬರದು ತೊಗರಿಯ ಕೂಳೆ ಚುಚ್ಚಿದ ಅಂಗಾಲು. ಎಲ್ಲರೂ ಹೇಳುವುದು ಒಂದೇ: "ವಯಸ್ಸಾಯಿತು, ಇನ್ನು ಕೂತಿರಬೇಕು."

ಹಾಗೆ ಕೂತುಬಿಡುವುದೇ ಕಾಲನ್ನು ಹಾಳು ಮಾಡುತ್ತದೆ ಎಂದು ಫಿಜಿಯೋಥೆರಪಿಗೆ ಹೋದಾಗ ತಿಳಿಯಿತು. ಪೆಟ್ಟು ಬಿದ್ದ ಕೀಲಿನ ಮೃದ್ವಸ್ಥಿ ಸವೆದರೆ ಮೊದಲಿನಂತೆ ಬೆಳೆಯುವುದಿಲ್ಲ. ಆದರೆ ಆ ಕೀಲಿನ ಭಾರವನ್ನು ಸುತ್ತಲಿನ ಸ್ನಾಯುಗಳು ಹಂಚಿಕೊಳ್ಳಬಲ್ಲವು. ನಡೆಯದೆ ಕೂತರೆ ಆ ಸ್ನಾಯುಗಳೇ ಸೊರಗಿ ಭಾರವೆಲ್ಲ ಮತ್ತೆ ಕೀಲಿನ ಮೇಲೆ ಬೀಳುತ್ತದೆ. ಕುಂಟುತ್ತಲೇ ಕಾಲ ತಳ್ಳಿದರೆ ಸರಿಯಿದ್ದ ಇನ್ನೊಂದು ಮೊಣಕಾಲು ಮತ್ತು ಸೊಂಟ ಸಹ ಕೈಕೊಡುತ್ತವೆ.

ಮೊದಲು, ನೋವು ಯಾವುದೆಂದು ತಿಳಿಯಿರಿ

ಮೂಳೆ ವೈದ್ಯರ ಬಳಿ ಹೋಗುವಾಗ ಹಳೆಯ ಎಕ್ಸ್‌ರೇ, ಚೀಟಿ, ಒಳಗೆ ರಾಡು ಅಥವಾ ಸ್ಕ್ರೂ ಹಾಕಿದ್ದರೆ ಅದರ ಕಾಗದ ಎಲ್ಲವನ್ನೂ ಒಯ್ಯಿರಿ. ಮೂಳೆ ಓರೆಯಾಗಿ ಕೂಡಿದೆಯೇ, ಕೀಲು ಸವೆದಿದೆಯೇ, ನರಕ್ಕೆ ಪೆಟ್ಟಾಗಿದೆಯೇ ಎಂದು ನೇರವಾಗಿ ಕೇಳಿ. ಒಂದೊಂದಕ್ಕೂ ದಾರಿ ಬೇರೆ. ವೈದ್ಯರು ಒಮ್ಮೆ ಬರೆದುಕೊಟ್ಟ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ಔಷಧದ ಅಂಗಡಿಯಿಂದ ತಂದು ನುಂಗುವವರು ನಮ್ಮಲ್ಲಿ ಬಹಳ. ಅದು ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ, ರಕ್ತದೊತ್ತಡವನ್ನೂ ಏರಿಸುತ್ತದೆ. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಖುಷಿಪಡಬೇಡಿ. ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು.

ಆಮೇಲೆ, ದಿನಕ್ಕೆ ಇಪ್ಪತ್ತು ನಿಮಿಷ

ಹಾಸಿಗೆಯಿಂದ ಇಳಿಯುವ ಮೊದಲೇ ಶುರು ಮಾಡಿ. ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ತೊಡೆಯನ್ನು ಬಿಗಿಹಿಡಿಯಿರಿ. ಐದು ಎಣಿಸಿ ಬಿಡಿ. ಹೀಗೆ ಹತ್ತು ಸಲ. ಮೊಣಕಾಲನ್ನು ಕಾಯುವುದು ತೊಡೆಯ ಮುಂಭಾಗದ ಸ್ನಾಯು, ಸೊರಗುವುದರಲ್ಲೂ ಅದೇ ಮೊದಲು.

ಹರಡಿನ ನೋವಿಗೆ ನನಗೆ ಹೇಳಿಕೊಟ್ಟದ್ದು ಅಕ್ಷರಾಭ್ಯಾಸ. ಕುರ್ಚಿಯಲ್ಲಿ ಕೂತು, ಪಾದವನ್ನು ಸ್ವಲ್ಪ ಎತ್ತಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಬೇಕು. ಮೊಣಕಾಲು ಅಲುಗಬಾರದು, ಪಾದ ಮಾತ್ರ ತಿರುಗಬೇಕು. ಸ್ವರಗಳನ್ನು ಮುಗಿಸಿದರೆ ಒಂದು ಸುತ್ತು. ನಮ್ಮ ಲಿಪಿ ದುಂಡಗಿರುವುದರ ಲಾಭ ನನಗೆ ಆಗಲೇ ಗೊತ್ತಾದದ್ದು. ಮೊಮ್ಮಗಳು ಎದುರು ಕೂತು "ಮುತ್ಯಾ, ಋ ತಪ್ಪಿತು" ಎಂದು ತಿದ್ದುತ್ತಾಳೆ.

ನಂತರ ಅಡುಗೆಕಟ್ಟೆ ಹಿಡಿದು ನಿಂತು ಹಿಮ್ಮಡಿಗಳನ್ನು ಮೆಲ್ಲಗೆ ಎತ್ತಿ, ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸಿ. ಗೋಡೆಗೆ ಕೈಕೊಟ್ಟು, ನೋವಿನ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ ಮೀನಖಂಡವನ್ನು ಎಳೆಯಿರಿ. ಅರ್ಧ ನಿಮಿಷ ಸಾಕು. ಕೊನೆಗೆ, ಕಟ್ಟೆ ಹಿಡಿದೇ ಒಂದೊಂದು ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿ. ಬೀಳದಂತೆ ಕಾಯುವ ಅಭ್ಯಾಸ ಇದು.

ಮಾಡುವಾಗ ಸ್ವಲ್ಪ ನೋವಾದರೆ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ ನೋವೋ ಬಾವೋ ಹೆಚ್ಚಾಗಿದ್ದರೆ ಹಿಂದಿನ ದಿನ ಅತಿಯಾಗಿದೆ ಎಂದರ್ಥ. ಅರ್ಧಕ್ಕೆ ಇಳಿಸಿ, ಬಿಟ್ಟುಬಿಡಬೇಡಿ.

ಬಡಿಗೆ ಯಾವ ಕೈಯಲ್ಲಿ?

ಬಲಗಾಲು ನೋವಾದರೆ ಬಡಿಗೆ ಎಡಗೈಯಲ್ಲಿ. ಬಹಳ ಮಂದಿ ನೋವಿನ ಕಾಲಿನ ಬದಿಯಲ್ಲೇ ಹಿಡಿಯುತ್ತಾರೆ, ನಾನೂ ಎರಡು ತಿಂಗಳು ಹಾಗೆಯೇ ಹಿಡಿದೆ. ನೋವಿನ ಕಾಲು ಮುಂದೆ ಹೋದಾಗ ಎದುರು ಕೈಯ ಬಡಿಗೆಯೂ ಜೊತೆಗೇ ಹೋಗಬೇಕು, ಆಗಲೇ ಭಾರ ಆ ಕಡೆ ಹಂಚಿಹೋಗುತ್ತದೆ. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟರೆ ಬಡಿಗೆಯ ಹಿಡಿಕೆ ಮಣಿಕಟ್ಟಿನ ಗೆರೆಗೆ ಸರಿಯಾಗಿರಬೇಕು. ಜಾತ್ರೆಯಲ್ಲಿ ಕೊಂಡ ಚಂದದ ಬಡಿಗೆ ಸಾಮಾನ್ಯವಾಗಿ ಉದ್ದವಾಗುತ್ತದೆ. ಕೊಯ್ಯಿಸಿ, ತುದಿಗೆ ರಬ್ಬರ್ ಹಾಕಿಸಿ, ರಬ್ಬರ್ ಸವೆದರೆ ಬದಲಿಸಿ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಬಸ್ಸಿಗೂ ಇದೇ ಲೆಕ್ಕ. ನೂಕುನುಗ್ಗಲಿನಲ್ಲಿ ಲೆಕ್ಕ ತಪ್ಪುತ್ತದೆ, ಹಿಂದೆ ಬರುವ ಬಸ್ಸಿಗೆ ಕಾಯುವುದು ಲೇಸು.

ಬಚ್ಚಲು, ಒಲೆ

ನಮ್ಮ ಜಿಲ್ಲೆಯ ಮನೆಗಳಲ್ಲಿ ಶಹಾಬಾದಿ ಕಲ್ಲು ಹಾಸುವುದು ವಾಡಿಕೆ. ಬೇಸಿಗೆಯಲ್ಲಿ ಅದು ಕಾಲಿಗೆ ತಂಪು. ವರ್ಷಗಟ್ಟಲೆ ಸವೆದು ನುಣುಪಾದ ಕಲ್ಲಿಗೆ ಸೋಪಿನ ನೀರು ಬಿದ್ದರೆ ಮಾತ್ರ ಕಾಲು ನಿಲ್ಲುವುದಿಲ್ಲ. ಬಚ್ಚಲಲ್ಲಿ ತಳ ಕಚ್ಚುವ ರಬ್ಬರ್ ಚಾಪೆ ಹಾಕಿ. ಗೋಡೆಗೆ ಡ್ರಿಲ್ ಮಾಡಿಸಿ ಗಟ್ಟಿ ಹಿಡಿಕೆ ಕೂಡಿಸಿ, ನಲ್ಲಿ ಅಥವಾ ಟವೆಲ್ ಕಂಬಿ ನಿಮ್ಮ ಭಾರ ತಡೆಯುವುದಿಲ್ಲ. ಮಣೆ ಬಿಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಸ್ನಾನ ಮಾಡಿ. ಕುಕ್ಕುರುಗಾಲಲ್ಲಿ ಕೂರಲಾಗದಿದ್ದರೆ ಶೌಚಾಲಯದ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಅದಕ್ಕೆ ನಾಚಿಕೊಂಡು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಂಗಸರನ್ನು ನೋಡಿದ್ದೇನೆ.

ನೆಲದ ಮೇಲೆ ಕಾಲು ಮಡಿಸಿ ರೊಟ್ಟಿ ಬಡಿಯುವ ಅಭ್ಯಾಸವನ್ನೂ ಬದಲಿಸಿ, ಒಲೆ ಮತ್ತು ಹಿಟ್ಟು ನಾದುವ ಕೊಣಮಿಗೆಯನ್ನು ಕಟ್ಟೆಗೆ ಏರಿಸಿ. "ನಿಂತು ಬಡಿದ ರೊಟ್ಟಿಗೆ ರುಚಿಯಿಲ್ಲ" ಎಂಬ ತಕರಾರು ನಮ್ಮ ಮನೆಯಲ್ಲಿ ಮೂರು ದಿನ ನಡೆಯಿತು.

ಪಾದದ ಮಾತು

ಚಪ್ಪಲಿಯನ್ನು ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ಸ್ವಲ್ಪ ಉಬ್ಬಿರುತ್ತದೆ. ಹಿಮ್ಮಡಿಯ ಹಿಂದೆ ಪಟ್ಟಿ ಇರಲಿ. ಸಕ್ಕರೆ ಕಾಯಿಲೆ ಇದ್ದರೆ ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಶಾಖ ಕೊಡುವ ನೀರನ್ನು ಕಾಲಿನಿಂದ ಪರೀಕ್ಷಿಸಬೇಡಿ, ಬೇರೆಯವರ ಕೈಯಿಂದ ನೋಡಿಸಿ. ಬಿಸಿಲು ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ಗುಡಿಯ ಅಂಗಳದ ಕಲ್ಲು ಕಾದ ಹಂಚಿನಂತಿರುತ್ತದೆ. ಶರಣಬಸವೇಶ್ವರ ಗುಡಿಗೋ ಗಾಣಗಾಪುರಕ್ಕೋ ಹೋಗುವವರು ಬೆಳಗಿನ ಹೊತ್ತು ಹೋಗಿ ಬನ್ನಿ.

ತಡ ಮಾಡಬಾರದ ಸಂಗತಿಗಳು ಕೆಲವಿವೆ. ಬೆರಳು ಕಪ್ಪಾಗುವುದು, ಗಾಯ ಎರಡು ವಾರವಾದರೂ ಮಾಯದಿರುವುದು, ಹಳೆಯ ಗಾಯದ ಜಾಗ ಕೆಂಪಾಗಿ ಜ್ವರ ಬರುವುದು, ಬಿದ್ದ ಮೇಲೆ ಕಾಲೂರಲು ಆಗದಿರುವುದು. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಬಾತು ಬಿಸಿಯಾದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೊರಡಿ, ಜೊತೆಗೆ ಉಸಿರೂ ಕಟ್ಟುತ್ತಿದ್ದರೆ 108ಕ್ಕೆ ಕರೆ ಮಾಡಿ.