ಬಿಳಲು ಬಿಟ್ಟು ಬೆಳೆಯುವ ಮನೆ

ಕೆಂಗೇರಿ ಕಡೆಯ 30-40 ಸೈಟು. ಈಗ ನಾಲ್ಕು ಅಂಕಣ (ನಾಲ್ಕು ಕಂಬಗಳ ನಡುವಿನ ಒಂದೊಂದು ಚೌಕ) ಸಾಕು, ದುಡ್ಡು ಕೂಡಿದಾಗ ಹಿಂದೆ ಇನ್ನೆರಡು ಎಂದಿತ್ತು ಮನೆಯ ವಿನ್ಯಾಸಕ್ಕೆ ನನ್ನಲ್ಲಿಗೆ ಬಂದ ಕುಟುಂಬ. ಬೆಂಗಳೂರಿನಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ತಾರಸಿ ಮೇಲೆ ಕಂಬಿ ಬಿಟ್ಟುಬಿಡಿ. ಆ ಕಂಬಿ ಮಳೆಗೆ ತುಕ್ಕು ಹಿಡಿದು ಉಬ್ಬಿ ಕೆಳಗಿನ ಕಾಂಕ್ರೀಟನ್ನೇ ಸೀಳುತ್ತದೆ. ಜೊತೆಗೆ ಎಂದೋ ಬರುವ ಮಹಡಿಗಾಗಿ ಇಂದೇ ಪಾಯದಲ್ಲಿ ದುಡ್ಡು ಹೂಳಬೇಕು.

ಮರ ನೋಡಿ ಕಟ್ಟಡ ಮಾಡುತ್ತೇವೆನ್ನುವವರು ಬಹಳ ಮಂದಿ ಆಕಾರಕ್ಕೆ ಮರುಳಾಗುತ್ತಾರೆ. ಕೊಂಬೆ ಹೆಚ್ಚಿದಂತೆ ಮರದ ಕಾಂಡ ದಪ್ಪವಾಗುತ್ತದೆ, ಕಾಂಕ್ರೀಟ್ ಕಂಬ ಆಗುವುದಿಲ್ಲವಲ್ಲ! 1972ರಲ್ಲಿ ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಟವರ್‌ನಲ್ಲಿ ವಾಸ್ತುಶಿಲ್ಪಿ ಕಿಶೋ ಕುರೊಕಾವಾ ಎರಡು ಗೋಪುರಗಳಿಗೆ 140 ಕೋಣೆಗಳನ್ನು ಬೋಲ್ಟ್ ಹಾಕಿ ನಿಲ್ಲಿಸಿದರು. ಮರ ಎಲೆ ಬದಲಿಸುವಂತೆ ಹಳೆಯ ಕೋಣೆ ತೆಗೆದು ಹೊಸದು ಸಿಕ್ಕಿಸುವ ಲೆಕ್ಕ. ಅದು ನಡೆಯಲೇ ಇಲ್ಲ, 2022ರಲ್ಲಿ ಕೆಡವಿದರು.

ನನಗೆ ದಾರಿ ಕಂಡದ್ದು ರಾಮೋಹಳ್ಳಿಯ ದೊಡ್ಡ ಆಲದ ಮರದಲ್ಲಿ. ತಾಯಿಕಾಂಡ ರೋಗಕ್ಕೆ ಹೋಯಿತು, ಬಿಳಲುಗಳು ಮರವನ್ನು ಹೊತ್ತಿವೆ. ಹಾಗಾಗಿ ಹೊಸ ಅಂಕಣದ ಭಾರ ಹಳೆಯದರ ಮೇಲೆ ಬೀಳಕೂಡದು, ಅದರ ಕಾಲು ಅದಕ್ಕೇ ಇರಲಿ ಎಂದುಕೊಂಡೆ.

ಅಗಲಕ್ಕೆ 12 ಅಡಿಯ ಎರಡು ಅಂಕಣ, ಉದ್ದಕ್ಕೆ 11 ಅಡಿಯ ಮೂರು. ಸುತ್ತ ಬಿಡಬೇಕಾದ ಜಾಗವೂ ಉಳಿಯಿತು. ಮುಂದಿನ ನಾಲ್ಕು ಮೊದಲು ಎದ್ದವು. ಹಿಂದಿನ ಎರಡಕ್ಕೆ ಬಂದಾಗ ತಲೆನೋವು ಇದ್ದದ್ದು ಹಳೆ-ಹೊಸದರ ಸಂದಿನಲ್ಲಿ. ಹಳೆಯ ಪಾಯದ ಮಗ್ಗುಲಲ್ಲೇ ಗುಂಡಿ ತೋಡಿದರೆ ಅದರಡಿಯ ಮಣ್ಣು ಸಡಿಲವಾಗುತ್ತದೆ. ಅದಕ್ಕೆ ಹೊಸ ಕಂಬಗಳನ್ನು 3 ಅಡಿ ಹಿಂದೆ ಸರಿಸಿ, ತೊಲೆಗಳನ್ನು ಹಳೆ ಗೋಡೆಯ ಕಡೆಗೆ ಚಾಚಿದೆವು. ನಡುವೆ ಒಂದಿಂಚು ಸಂದು ಬೇಕೆಂದೇ ಬಿಟ್ಟದ್ದು. ‘ಅಂಟಿಸಿಬಿಡೋಣ ಸಾರ್’ ಎಂದು ಮೇಸ್ತ್ರಿ ಕೊನೆವರೆಗೂ ಗೊಣಗಿದರು. ಹೊಸ ಪಾಯ ಸ್ವಲ್ಪ ಕುಸಿಯುವುದು ಸಹಜ; ಅಂಟಿಸಿದ್ದರೆ ಹಳೆ ಗೋಡೆಯೂ ಸೀಳುತ್ತಿತ್ತು. ಮೇಲೆ ಮಳೆನೀರಿಗೆ ತಗಡು, ಕೆಳಗೆ, ಇನ್ನೊಂದು ಬದಿ ಸರಿದಾಡಲೆಂದು ಒಂದೇ ಬದಿಗೆ ಗಾರೆ ಹಿಡಿಸಿದ ಸಾದರಹಳ್ಳಿ ಕಲ್ಲಿನ ಹೊಸ್ತಿಲು.

ಆ ಹೊಸ್ತಿಲಿನ ಜಾಗದಲ್ಲಿ ಮೊದಲು ಕಿಟಕಿಯಿತ್ತು. ಕಿಟಕಿಯ ಮೇಲಿನ ಅಡ್ಡತೊಲೆಯನ್ನು (ಲಿಂಟಲ್) ಬಾಗಿಲಿನ ಅಗಲಕ್ಕೇ ಹಾಕಿಸಿದ್ದರಿಂದ ಕಿಟಕಿಯಡಿಯ ಮೋಟುಗೋಡೆ ಒಡೆದರೆ ಸಾಕಾಯಿತು. ಬಚ್ಚಲು, ಅಡುಗೆಮನೆಯ ಪೈಪುಗಳೂ ಇದೇ ಗೋಡೆಗುಂಟ, ಮುಂದಿನ ಜೋಡಣೆಗೆ ಬಾಯಿ ಮುಚ್ಚಿಕೊಂಡು ಕಾದಿದ್ದವು.

ಮುಂಭಾಗ ಒಂದು ಮಹಡಿಯನ್ನಷ್ಟೇ ತಾಳುತ್ತದೆ. ಹಿಂದಿನದಕ್ಕೆ ಎರಡು ಮಹಡಿ ಹೊರುವ ಪಾಯ ಹಾಕಿಸಿದ್ದೇವೆ, ಬಾಡಿಗೆ ಮನೆ ಅಲ್ಲೇ ಮೇಲೇರಲಿದೆ.