ಪ್ರೋಗ್ರಾಂ ಸರಿಯಾಗಿ ನಿಂತಿತಾ? ಟೆಸ್ಟ್ ಬರೆಯುವುದು ಹೀಗೆ

ಪ್ರೋಗ್ರಾಂ ಏನು ಮಾಡುತ್ತದೆ ಎಂಬುದಕ್ಕೆ ಎಲ್ಲರೂ ಟೆಸ್ಟ್ ಬರೆಯುತ್ತಾರೆ. ಅದು ಹೇಗೆ ನಿಲ್ಲುತ್ತದೆ ಎಂಬುದಕ್ಕೆ ಬರೆಯುವವರು ಕಡಿಮೆ. ರಾತ್ರಿ ತಾನಾಗಿಯೇ ಓಡುವ ಒಂದು ಬ್ಯಾಕಪ್ ಸ್ಕ್ರಿಪ್ಟ್ ಇದೆ ಎಂದುಕೊಳ್ಳಿ. ಡಿಸ್ಕ್ ತುಂಬಿ ಕೆಲಸ ಅರ್ಧಕ್ಕೇ ನಿಂತಿದೆ. ಆದರೂ ಸ್ಕ್ರಿಪ್ಟ್ ಸೊನ್ನೆ ಕೊಟ್ಟು ಹೊರಬಂದಿದೆ. ಪ್ರೋಗ್ರಾಂ ನಿಲ್ಲುವಾಗ ಹೊರಗೆ ಕೊಡುವ ಇಂಥ ಅಂಕಿಗೆ ಎಕ್ಸಿಟ್ ಕೋಡ್ ಎನ್ನುತ್ತಾರೆ. ಸೊನ್ನೆ ಎಂದರೆ ಎಲ್ಲ ಸರಿಯಾಯಿತು ಎಂದರ್ಥ. ಸ್ಕ್ರಿಪ್ಟ್ ಅನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಶೆಡ್ಯೂಲರ್ ನೋಡುವುದು ಆ ಒಂದು ಅಂಕಿಯನ್ನೇ. ಹಾಗಾಗಿ ಯಾರಿಗೂ ಸುದ್ದಿ ಹೋಗುವುದಿಲ್ಲ. ಬ್ಯಾಕಪ್ ನಿಜಕ್ಕೂ ಬೇಕಾದ ದಿನವೇ ಅದು ಇಲ್ಲ ಎಂದು ಗೊತ್ತಾಗುತ್ತದೆ.

ಇಂಥ ಟೆಸ್ಟ್ ಬರೆಯಲು ಕೂತರೆ ಮೊದಲು ಎದುರಾಗುವ ತೊಡಕು ಒಂದೇ. ಪ್ರೋಗ್ರಾಂ ಮತ್ತು ಟೆಸ್ಟ್ ರನ್ನರ್ (ಟೆಸ್ಟ್‌ಗಳನ್ನು ಓಡಿಸುವ ಪ್ರೋಗ್ರಾಂ) ಎರಡೂ ಸಾಮಾನ್ಯವಾಗಿ ಒಂದೇ ಪ್ರೊಸೆಸ್‌ನಲ್ಲಿ, ಅಂದರೆ ಒಂದೇ ಓಟದಲ್ಲಿ, ಇರುತ್ತವೆ. ಪ್ರೋಗ್ರಾಂ ಎಕ್ಸಿಟ್ (ತನ್ನನ್ನು ನಿಲ್ಲಿಸುವ ಫಂಕ್ಷನ್) ಕರೆದರೆ ಹಲವು ಭಾಷೆಗಳಲ್ಲಿ ರನ್ನರ್ ಕೂಡ ಅದರ ಜೊತೆಗೇ ಹೋಗುತ್ತದೆ. ಮುಂದಿನ ಟೆಸ್ಟ್‌ಗಳು ಓಡುವುದೇ ಇಲ್ಲ. ಗೋ ಭಾಷೆಯಲ್ಲಿ ಇದು ಇನ್ನೂ ಅಪಾಯಕಾರಿಯಾಗಿತ್ತು. ಟೆಸ್ಟ್ ನಡುವೆ ಕೋಡ್ 0 ಜೊತೆ ಎಕ್ಸಿಟ್ ಕರೆದರೆ ಟೆಸ್ಟ್ ಪಾಸ್ ಎಂದೇ ಲೆಕ್ಕವಾಗುತ್ತಿತ್ತು. 1.16ನೇ ಆವೃತ್ತಿಯಿಂದ ಅದನ್ನು ಫೇಲ್ ಎಂದು ಪರಿಗಣಿಸುತ್ತಾರೆ. ಒಳ್ಳೆಯ ಬದಲಾವಣೆ.

ಹಂತ 1: ಅಂಕಿಗಳನ್ನು ಮೊದಲೇ ನಿಗದಿ ಮಾಡಿ

ಯಾವ ಸಂದರ್ಭಕ್ಕೆ ಯಾವ ಎಕ್ಸಿಟ್ ಕೋಡ್ ಎಂದು ಬರೆದಿಟ್ಟುಕೊಳ್ಳಿ. 0 ಎಂದರೆ ಯಶಸ್ಸು, 1 ಎಂದರೆ ಸಾಮಾನ್ಯ ವೈಫಲ್ಯ. ಆರ್ಗ್ಯುಮೆಂಟ್ (ಪ್ರೋಗ್ರಾಂ ಓಡಿಸುವಾಗ ಜೊತೆಗೆ ಕೊಡುವ ಮಾಹಿತಿ) ತಪ್ಪಾಗಿದ್ದರೆ 2 ಕೊಡುವ ರೂಢಿಯಿದೆ. ಆರ್ಗ್ಯುಮೆಂಟ್ ಓದುವ ಪೈಥಾನ್‌ನ ಆರ್ಗ್‌ಪಾರ್ಸ್ ಮಾಡ್ಯೂಲ್ ಮಾಡುವುದೂ ಅದನ್ನೇ.

ಲಿನಕ್ಸ್, ಯುನಿಕ್ಸ್‌ಗಳಲ್ಲಿ ಈ ಕೋಡ್‌ನ ಕೊನೆಯ 8 ಬಿಟ್ ಮಾತ್ರ ಹೊರಗೆ ಕಾಣುತ್ತವೆ. ಅಂದರೆ 0ರಿಂದ 255. ಎಷ್ಟು ಫೈಲ್ ಕೆಟ್ಟಿವೆಯೋ ಅಷ್ಟನ್ನೇ ಎಕ್ಸಿಟ್ ಕೋಡ್ ಆಗಿ ಕೊಡುವವರಿದ್ದಾರೆ. ಸರಿಯಾಗಿ 256 ಫೈಲ್ ಕೆಟ್ಟ ದಿನ ಹೊರಗೆ ಕಾಣುವುದು 0! ಮೈನಸ್ 1 ಕೊಟ್ಟರೆ 255 ಆಗುತ್ತದೆ. ಇನ್ನು 124ರಿಂದ ಮೇಲಿನ ಅಂಕಿಗಳನ್ನು ನಿಮ್ಮ ಕೆಲಸಕ್ಕೆ ಬಳಸದಿರುವುದು ಒಳ್ಳೆಯದು. ಟೈಮ್‌ಔಟ್ ಎಂಬ ಕಮಾಂಡ್ ಸಮಯ ಮೀರಿದಾಗ 124 ಕೊಡುತ್ತದೆ. ಕಮಾಂಡ್ ಸಿಗದಿದ್ದರೆ ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) 127 ಕೊಡುತ್ತದೆ. ಸಿಗ್ನಲ್‌ನಿಂದ, ಅಂದರೆ ಆಪರೇಟಿಂಗ್ ಸಿಸ್ಟಮ್ ಮೂಲಕ ಬರುವ ಸೂಚನೆಯಿಂದ, ಸತ್ತ ಪ್ರೋಗ್ರಾಂಗೆ 128ರ ಜೊತೆ ಸಿಗ್ನಲ್ ಸಂಖ್ಯೆ ಸೇರುತ್ತದೆ. ಅಬಾರ್ಟ್ (ಪ್ರೋಗ್ರಾಂ ತನ್ನನ್ನೇ ಥಟ್ಟನೆ ಕೊಂದುಕೊಳ್ಳುವುದು) ಆದರೆ 134, ಬಲವಂತವಾಗಿ ಕಿಲ್ ಮಾಡಿದರೆ 137, ಸೆಗ್‌ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿ ಸಾಯುವುದು) ಆದರೆ 139.

ಹಂತ 2: ಎಕ್ಸಿಟ್ ಒಂದೇ ಕಡೆ ಇರಲಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಫೈಲ್ ಓದುವ ಫಂಕ್ಷನ್, ಲೆಕ್ಕ ಮಾಡುವ ಫಂಕ್ಷನ್, ಇವುಗಳ ಹೊಟ್ಟೆಯೊಳಗೆ ಎಕ್ಸಿಟ್ ಕರೆಯಬೇಡಿ. ಅವು ಎರರ್ ಎತ್ತಲಿ ಅಥವಾ ವಾಪಸ್ ಕೊಡಲಿ. ಮುಖ್ಯ ಫಂಕ್ಷನ್ ಅದನ್ನೆಲ್ಲ ನೋಡಿ ಒಂದು ಅಂಕಿ ಹಿಂತಿರುಗಿಸಲಿ. ಎಲ್ಲಕ್ಕೂ ಹೊರಗಿನ ಒಂದು ಸಾಲು ಮಾತ್ರ ಆ ಅಂಕಿಯನ್ನು ಎಕ್ಸಿಟ್‌ಗೆ ಕೊಡಲಿ. ಆಗ ಹೆಚ್ಚಿನ ಟೆಸ್ಟ್‌ಗಳು ಸುಮ್ನೆ ಫಂಕ್ಷನ್ ಕರೆದು, ಬಂದ ಅಂಕಿ 2 ಹೌದಾ ಎಂದು ನೋಡಿದರೆ ಸಾಕು. ಯಾವ ಕಸರತ್ತೂ ಬೇಡ.

ಜಾವಾ ಬರೆಯುವವರಿಗೆ ಈಗ ಇದು ಅನಿವಾರ್ಯ ಎಂದೇ ಹೇಳಬಹುದು. ಮೊದಲು ಸೆಕ್ಯುರಿಟಿ ಮ್ಯಾನೇಜರ್ ಎಂಬ ಜಾವಾದ ಕಾವಲು ವ್ಯವಸ್ಥೆ ಹಾಕಿ ಎಕ್ಸಿಟ್ ಕರೆಯನ್ನು ತಡೆಯುತ್ತಿದ್ದರು. ಜಾವಾ 17ರಲ್ಲಿ ಅದನ್ನು ಕೈಬಿಡುವ ಸೂಚನೆ ಬಂತು. 24ರಲ್ಲಿ ಶಾಶ್ವತವಾಗಿ ನಿಷ್ಕ್ರಿಯ ಮಾಡಿದರು. ಅದನ್ನೇ ನಂಬಿದ್ದ ಹಳೆಯ ಟೆಸ್ಟ್‌ಗಳನ್ನು ಬೇರೆ ರೀತಿ ಬರೆಯಲೇಬೇಕು.

ಹಂತ 3: ಎಕ್ಸಿಟ್ ಅನ್ನು ಒಳಗೇ ಹಿಡಿಯಿರಿ

ಹಳೆಯ ಕೋಡ್ ಬದಲಿಸಲು ಆಗದಿದ್ದಾಗ ಈ ದಾರಿ. ಪೈಥಾನ್‌ನಲ್ಲಿ ಇದು ಸುಲಭ. ಅಲ್ಲಿ ಸಿಸ್ ಮಾಡ್ಯೂಲ್‌ನ ಎಕ್ಸಿಟ್ ನಿಜವಾಗಿ ಎತ್ತುವುದು ಸಿಸ್ಟಮ್‌ಎಕ್ಸಿಟ್ ಎಂಬ ಎಕ್ಸೆಪ್ಶನ್ (ಓಟವನ್ನು ಅಲ್ಲೇ ಕಡಿಯುವ, ಆದರೆ ಹಿಡಿಯಬಹುದಾದ ಎರರ್). ಪೈಥಾನ್‌ನ ಟೆಸ್ಟ್ ಸಾಧನ ಪೈಟೆಸ್ಟ್‌ನ ರೈಸಸ್ (ಎಕ್ಸೆಪ್ಶನ್ ಹಿಡಿಯುವ ಬ್ಲಾಕ್) ಒಳಗೆ ಫಂಕ್ಷನ್ ಕರೆದು, ಸಿಕ್ಕ ಎಕ್ಸೆಪ್ಶನ್‌ನ ಕೋಡ್ ನೋಡಿ. ಎಕ್ಸೆಪ್ಶನ್ ಬಂತು ಎಂಬಲ್ಲಿಗೇ ಬಿಡಬೇಡಿ. ಕೋಡ್ 0 ಇದ್ದರೂ ಎಕ್ಸೆಪ್ಶನ್ ಬರುತ್ತದೆ. ಎಕ್ಸಿಟ್‌ಗೆ ಅಂಕಿಯ ಬದಲು ಸಂದೇಶ ಕೊಟ್ಟಿದ್ದರೆ ಹೊರಗೆ ಕಾಣುವ ಕೋಡ್ 1. ಆದರೆ ಟೆಸ್ಟ್‌ನಲ್ಲಿ ನಿಮಗೆ ಸಿಗುವುದು ಆ ಸಂದೇಶವೇ. ಏನೂ ಕೊಡದಿದ್ದರೆ ಸಿಗುವುದು None ಎಂಬ ಖಾಲಿ ಬೆಲೆ, ಅದರ ಅರ್ಥ 0.

ಬೇರೆ ಹಲವು ಭಾಷೆಗಳಲ್ಲಿ ಎಕ್ಸಿಟ್ ಎಕ್ಸೆಪ್ಶನ್ ಅಲ್ಲ. ಹಾಗಾಗಿ ಅದರ ಜಾಗದಲ್ಲಿ ನಕಲಿ ಫಂಕ್ಷನ್ ಕೂರಿಸುತ್ತಾರೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ (Node) ಜೊತೆ ಜೆಸ್ಟ್ ಎಂಬ ಟೆಸ್ಟ್ ಸಾಧನ ಬಳಸುವವರು ಇದನ್ನು ಜಾಸ್ತಿ ಮಾಡುತ್ತಾರೆ. ಇಲ್ಲಿ ಒಂದು ಗುಂಡಿ ಇದೆ, ಸ್ವಲ್ಪ ನಿಂತು ನೋಡಿ.

ಒಂದು ಪ್ರೋಗ್ರಾಂ ರಿಪೋರ್ಟ್ ಬರೆಯುತ್ತದೆ ಎಂದುಕೊಳ್ಳಿ. ಮೊದಲ ಸಾಲು: ರಿಪೋರ್ಟ್ ಫೈಲ್ ಈಗಾಗಲೇ ಇದ್ದರೆ ಎಕ್ಸಿಟ್ 1. ಎರಡನೇ ಸಾಲು: ಫೈಲ್ ತೆರೆದು, ಹಳೆಯದನ್ನು ಅಳಿಸಿ, ಹೊಸದನ್ನು ಬರೆ. ಈಗ ಏನೂ ಮಾಡದ ನಕಲಿ ಎಕ್ಸಿಟ್ ಹಾಕಿ ಟೆಸ್ಟ್ ಓಡಿಸುತ್ತೀರಿ. ಫೈಲ್ ಇದೆ, ನಕಲಿ ಎಕ್ಸಿಟ್ 1 ಎಂದು ಕರೆಸಿಕೊಂಡಿತು, ಟೆಸ್ಟ್ ಹಸಿರು. ಆದರೆ ನಕಲಿ ಎಕ್ಸಿಟ್ ಯಾರನ್ನೂ ನಿಲ್ಲಿಸಲಿಲ್ಲ ಅಲ್ವಾ? ಕೋಡ್ ಮುಂದಿನ ಸಾಲಿಗೆ ಹೋಯಿತು. ಹಳೆಯ ಫೈಲ್ ಅಳಿಸಿಹೋಯಿತು. ನಿಜವಾಗಿ ಎಂದೂ ನಡೆಯದ ದಾರಿಯಲ್ಲಿ ನಿಮ್ಮ ಟೆಸ್ಟ್ ನಡೆದುಬಂತು.

ಪರಿಹಾರ ಸರಳ. ನಕಲಿ ಎಕ್ಸಿಟ್ ಕೂಡ ಓಟವನ್ನು ಅಲ್ಲೇ ಕಡಿಯಬೇಕು. ಕೋಡ್ ಅಂಕಿಯನ್ನು ಒಳಗಿಟ್ಟುಕೊಂಡ ಒಂದು ಎಕ್ಸೆಪ್ಶನ್ ಎತ್ತಲಿ. ಟೆಸ್ಟ್ ಅದನ್ನು ಹಿಡಿದು ಅಂಕಿ ನೋಡಲಿ. ಜೊತೆಗೆ ಹಳೆಯ ಫೈಲ್ ಹಾಗೇ ಉಳಿದಿದೆಯಾ ಎಂದೂ ನೋಡಲಿ. ಟೆಸ್ಟ್ ಮುಗಿದ ಮೇಲೆ ಅಸಲಿ ಎಕ್ಸಿಟ್ ವಾಪಸ್ ಜಾಗಕ್ಕೆ ಬರಬೇಕು, ಮರೆಯಬೇಡಿ. ಇನ್ನೊಂದು ಮಾತು: ಪ್ರೋಗ್ರಾಂ ಒಳಗೆ ಎಲ್ಲ ಎಕ್ಸೆಪ್ಶನ್‌ಗಳನ್ನೂ ನುಂಗುವ ಬ್ಲಾಕ್ ಇದ್ದರೆ ಈ ನಕಲಿ ಎಕ್ಸೆಪ್ಶನ್ ಅಲ್ಲೇ ಮುಳುಗುತ್ತದೆ. ಪೈಥಾನ್‌ನಲ್ಲಿ ಸಿಸ್ಟಮ್‌ಎಕ್ಸಿಟ್ ಅನ್ನು ಸಾಮಾನ್ಯ ಎಕ್ಸೆಪ್ಶನ್‌ಗಳ ಗುಂಪಿನಿಂದ ಹೊರಗೆ ಇಟ್ಟಿರುವುದು ಇದಕ್ಕೇ.

ಹಂತ 4: ಕೆಲವನ್ನಾದರೂ ಚೈಲ್ಡ್ ಪ್ರೊಸೆಸ್‌ನಲ್ಲಿ ಓಡಿಸಿ

ಅಬಾರ್ಟ್, ಸೆಗ್‌ಫಾಲ್ಟ್, ಪೈಥಾನ್‌ನ ಓಎಸ್ ಮಾಡ್ಯೂಲ್‌ನಲ್ಲಿರುವ ಅಂಡರ್‌ಸ್ಕೋರ್ ಎಕ್ಸಿಟ್ (ಎಕ್ಸೆಪ್ಶನ್ ಎತ್ತದೇ ನೇರವಾಗಿ ನಿಲ್ಲಿಸುವ os._exit), ಇವನ್ನು ಒಳಗಿನಿಂದ ಹಿಡಿಯಲು ಆಗುವುದಿಲ್ಲ. ಪ್ರೋಗ್ರಾಂ ಅನ್ನು ಬೇರೆ ಪ್ರೊಸೆಸ್ ಆಗಿ, ಅಂದರೆ ಟೆಸ್ಟ್ ಹುಟ್ಟಿಸಿದ ಚೈಲ್ಡ್ ಆಗಿ, ಓಡಿಸಿ, ಹೊರಗಿನಿಂದ ನೋಡಬೇಕು. ಮೂರು ವಿಷಯ ಪರೀಕ್ಷಿಸಿ: ಎಕ್ಸಿಟ್ ಕೋಡ್, ಸ್ಟ್ಯಾಂಡರ್ಡ್ ಎರರ್‌ಗೆ (ಎರರ್ ಸಂದೇಶಗಳಿಗೆ ಇರುವ ಔಟ್‌ಪುಟ್ ದಾರಿ) ಬಂದ ಸಂದೇಶ, ಡಿಸ್ಕ್ ಮೇಲೆ ಉಳಿದದ್ದು. ಬೇರೆ ಪ್ರೊಸೆಸ್ ಓಡಿಸುವ ಪೈಥಾನ್‌ನ ಸಬ್‌ಪ್ರೊಸೆಸ್ ಮಾಡ್ಯೂಲ್ ಬಳಸಿದರೆ ಸಿಗ್ನಲ್‌ನಿಂದ ಸತ್ತದ್ದು ಮೈನಸ್ ಅಂಕಿಯಾಗಿ ಬರುತ್ತದೆ. ಅಬಾರ್ಟ್‌ಗೆ ಮೈನಸ್ 6. ಶೆಲ್‌ನಲ್ಲಿ ನೋಡಿದ 134 ಅನ್ನು ಇಲ್ಲಿ ಹುಡುಕಬೇಡಿ.

ಸಿ ಪ್ಲಸ್ ಪ್ಲಸ್‌ಗೆ ಗೂಗಲ್ ಟೆಸ್ಟ್‌ನಲ್ಲಿ ಡೆತ್ ಟೆಸ್ಟ್ ಎಂಬ ಸೌಲಭ್ಯವೇ ಇದೆ. ಅದು ತಾನೇ ಚೈಲ್ಡ್ ಪ್ರೊಸೆಸ್ ಮಾಡಿ, ನೀವು ಕೊಟ್ಟ ಸಾಲನ್ನು ಅಲ್ಲಿ ಓಡಿಸುತ್ತದೆ. ಎಕ್ಸ್‌ಪೆಕ್ಟ್ ಡೆತ್‌ಗೆ 0 ಅಲ್ಲದ ಯಾವ ಸಾವಾದರೂ ಸರಿ. ನೀವು ಕಾದದ್ದು ಅಸರ್ಟ್ (ಕೋಡ್ ಒಳಗಿನ ತಪಾಸಣೆ) ಸೋಲು, ಆದದ್ದು ಸೆಗ್‌ಫಾಲ್ಟ್ ಆದರೂ ಪಾಸ್ ಆಗಬಹುದು. ಆದ್ದರಿಂದ ಯಾವ ಎರರ್ ಸಂದೇಶ ಬರಬೇಕು ಎಂದು ಬರೆಯುವ ಜಾಗವನ್ನು ಖಾಲಿ ಬಿಡಬೇಡಿ. ನಿಖರವಾದ ಕೋಡ್ ಬೇಕಿದ್ದರೆ ಎಕ್ಸ್‌ಪೆಕ್ಟ್ ಎಕ್ಸಿಟ್ ಬಳಸಿ. ಚೈಲ್ಡ್‌ನಲ್ಲಿ ಬದಲಾದ ವೇರಿಯಬಲ್ ಪೇರೆಂಟ್‌ನಲ್ಲಿ ಬದಲಾಗುವುದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ.

ಗೋ ಬರೆಯುವವರದು ಬೇರೆ ಉಪಾಯ. ಟೆಸ್ಟ್ ತನ್ನದೇ ಬೈನರಿಯನ್ನು (ಓಡಿಸಬಲ್ಲ ಫೈಲ್) ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಹೊರಗಿನಿಂದ ಕೊಡುವ ಹೆಸರಿಟ್ಟ ಬೆಲೆ) ಇಟ್ಟು ಮತ್ತೆ ಓಡಿಸುತ್ತದೆ. ಎರಡನೇ ಓಟದಲ್ಲಿ ಆ ವೇರಿಯಬಲ್ ಕಂಡರೆ ಎಕ್ಸಿಟ್ ಆಗುವ ಕೋಡ್ ಓಡುತ್ತದೆ. ಸಂದೇಶ ಬರೆದು ಎಕ್ಸಿಟ್ ಆಗುವ ಲಾಗ್ ಫೇಟಲ್ ಕರೆದರೆ ಡಿಫರ್ ಮಾಡಿದ (ಫಂಕ್ಷನ್ ಮುಗಿಯುವಾಗ ಮಾಡಲು ಇಟ್ಟ) ಕೆಲಸಗಳು ನಡೆಯುವುದಿಲ್ಲ. ತಾತ್ಕಾಲಿಕ ಫೈಲ್ ಹಾಗೇ ಬಿದ್ದಿದ್ದರೆ ಅದು ಗೊತ್ತಾಗುವುದು ಇಂಥ ಟೆಸ್ಟ್‌ನಲ್ಲೇ.

ಚೈಲ್ಡ್ ಪ್ರೊಸೆಸ್ ಟೆಸ್ಟ್ ನಿಧಾನ. ಎಲ್ಲಕ್ಕೂ ಬೇಡ. ಯಶಸ್ಸಿಗೆ ಒಂದು, ಪ್ರತಿ ಬಗೆಯ ಸೋಲಿಗೆ ಒಂದು ಇದ್ದರೆ ಸಾಕು.

ಹಂತ 5: ನಿಲ್ಲದೇ ಇದ್ದರೆ?

ಯಾವುದೇ ಪ್ರೋಗ್ರಾಂ ನಿಲ್ಲುತ್ತದೋ ಇಲ್ಲವೋ ಎಂದು ಹೇಳಬಲ್ಲ ಒಂದೇ ವಿಧಾನ ಇರಲು ಸಾಧ್ಯವಿಲ್ಲ ಎಂದು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿದ್ದಾರೆ. ಹಾಗಾಗಿ ಟೆಸ್ಟ್‌ನಲ್ಲಿ ನಮ್ಮ ಕೈಲಾಗುವುದು ಗಡುವು ಹಾಕುವುದು. ಚೈಲ್ಡ್ ಪ್ರೊಸೆಸ್ ಓಡಿಸುವಾಗಲೆಲ್ಲ ಟೈಮ್‌ಔಟ್ ಕೊಡಿ. ಸಾಮಾನ್ಯವಾಗಿ ಹಿಡಿಯುವ ಸಮಯಕ್ಕಿಂತ ಹಲವು ಪಟ್ಟು ಜಾಸ್ತಿ ಇರಲಿ. ಬಿಗಿಯಾದ ಗಡುವು ಇಟ್ಟರೆ ಮೆಷಿನ್ ಬ್ಯುಸಿ ಇದ್ದಾಗ ಸುಮ್ನೆ ಫೇಲ್ ಆಗುತ್ತದೆ. ಆಮೇಲೆ ಯಾರೂ ಆ ಟೆಸ್ಟ್ ನಂಬುವುದಿಲ್ಲ.

ಗಡುವು ಮೀರಿದಾಗ ಪೈಥಾನ್‌ನ ಸಬ್‌ಪ್ರೊಸೆಸ್ ರನ್ ತಾನು ಹುಟ್ಟಿಸಿದ ಚೈಲ್ಡ್ ಅನ್ನು ಕಿಲ್ ಮಾಡುತ್ತದೆ. ಆ ಚೈಲ್ಡ್ ಹುಟ್ಟಿಸಿದ ಪ್ರೊಸೆಸ್‌ಗಳು ಮಾತ್ರ ಬದುಕಿರಬಹುದು. ಲಿನಕ್ಸ್‌ನ ಹಳೆಯ ಪೈಥಾನ್ ಆವೃತ್ತಿಗಳಲ್ಲಿ ಅವು ಔಟ್‌ಪುಟ್ ಹೋಗುವ ಪೈಪ್ ಹಿಡಿದು ಕೂತರೆ ಟೆಸ್ಟ್ ಕೂಡ ಅಲ್ಲೇ ಕಾಯುತ್ತಿತ್ತು. ಪ್ರೋಗ್ರಾಂ ಬೇರೆ ಪ್ರೋಗ್ರಾಂಗಳನ್ನು ಓಡಿಸುವಂಥದ್ದಾದರೆ ಅದನ್ನು ಹೊಸ ಸೆಷನ್‌ನಲ್ಲಿ ಶುರು ಮಾಡಿ, ಗಡುವು ಮೀರಿದರೆ ಇಡೀ ಪ್ರೊಸೆಸ್ ಗ್ರೂಪ್‌ಗೆ (ಅದು ಮತ್ತು ಅದು ಹುಟ್ಟಿಸಿದ ಪ್ರೊಸೆಸ್‌ಗಳ ಗುಂಪಿಗೆ) ಕಿಲ್ ಸಿಗ್ನಲ್ ಕಳಿಸಿ.