ಕಾಲು ಮುರಿದ ಮೊಲದ ಆರೈಕೆ: ಪಟ್ಟಿಯ ಜೊತೆ ಹಿಕ್ಕೆಯ ಮೇಲೂ ಕಣ್ಣಿಡಿ

ಮೊಲದ ಕಾಲು ಮುರಿಯಲು ದೊಡ್ಡ ಅಪಘಾತವೇ ಆಗಬೇಕಿಲ್ಲ. ಮಕ್ಕಳು ಎತ್ತಿಕೊಂಡಿರುತ್ತಾರೆ, ಅದು ಜೋರಾಗಿ ಒದ್ದು ಕೆಳಗೆ ಹಾರುತ್ತದೆ, ಅಷ್ಟೇ ಸಾಕು. ಇಲ್ಲವೇ ಪಂಜರದ ತಂತಿ ಸಂದಿಗೆ ಪಾದ ಸಿಕ್ಕಿಕೊಂಡು ಎಳೆದಾಡುತ್ತದೆ. ಅದರ ಮೈತೂಕದಲ್ಲಿ ಮೂಳೆಯ ಪಾಲು ಶೇ 7ರಿಂದ 8 ಮಾತ್ರ. ಬೆಕ್ಕಿಗಾದರೆ ಶೇ 12ರಿಂದ 13. ಹಿಂಗಾಲಿನ ಸ್ನಾಯುಗಳಿಗೆ ಮಾತ್ರ ಭಾರೀ ಬಲ. ತನ್ನ ಒದೆತವನ್ನು ಎಷ್ಟೋ ಸಲ ತನ್ನ ಮೂಳೆಯೇ ತಡೆಯುವುದಿಲ್ಲ.

ಕಾಲು ಜೋತುಬಿದ್ದಿದ್ದರೆ ಕಡ್ಡಿ ಕಟ್ಟಿ ನೆಟ್ಟಗೆ ಮಾಡಲು ಹೋಗಬೇಡಿ. ರಟ್ಟಿನ ಪೆಟ್ಟಿಗೆಗೆ ದಪ್ಪ ಟವೆಲ್ ಹಾಸಿ, ಮೊಲವನ್ನು ಕೂರಿಸಿ, ಗಾಳಿಯಾಡುವಂತೆ ಮುಚ್ಚಿ ವೈದ್ಯರ ಬಳಿ ಒಯ್ಯಿರಿ. ಎಲ್ಲ ಪೆಟ್ ಕ್ಲಿನಿಕ್‌ಗಳಲ್ಲೂ ಮೊಲ ನೋಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ. ಇನ್ನೊಂದು ಮಾತು. ಆಪರೇಷನ್‌ಗೆ ಮೊದಲು ರಾತ್ರಿಯಿಡೀ ಉಪವಾಸ ಕೆಡವುವುದು ನಾಯಿ, ಬೆಕ್ಕಿನ ಲೆಕ್ಕ. ಮೊಲಕ್ಕೆ ವಾಂತಿಯೇ ಆಗುವುದಿಲ್ಲ, ಹಸಿವಿನಿಂದ ಕೆಡುಕೇ ಜಾಸ್ತಿ. ಯಾರಾದರೂ ಉಪವಾಸ ಹೇಳಿದರೆ, 'ಮೊಲಕ್ಕೂ ಬೇಕಾ ಸಾರ್?' ಎಂದು ಇನ್ನೊಮ್ಮೆ ಕೇಳಿ.

ಪಟ್ಟಿಯೋ ರಾಡೋ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಎಲ್ಲರ ಕಣ್ಣೂ ಕಾಲಿನ ಮೇಲೆಯೇ. ವೈದ್ಯರು ಸರಿಯಾಗಿ ಕೂಡಿಸಿದ್ದರೆ ಮೂಳೆ ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ಗಟ್ಟಿಯಾಗುತ್ತದೆ. ಈ ನಡುವೆ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಹೊಟ್ಟೆಯಿಂದ.

ಹೊಟ್ಟೆ ನಿಲ್ಲಬಾರದು

ನೋವಾದರೆ ಮೊಲ ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ಅದರಿಂದ ಇನ್ನಷ್ಟು ನೋವು. 12 ಗಂಟೆ ಏನೂ ತಿಂದಿಲ್ಲ, ಹಿಕ್ಕೆಯೂ ಹಾಕಿಲ್ಲ ಎಂದರೆ ಅದು ತುರ್ತು ಸ್ಥಿತಿ. ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ.

ಹಾಗಾಗಿ ದಿನಾ ಬೆಳಗ್ಗೆ, ಸಂಜೆ ಹಿಕ್ಕೆ ಗುಡಿಸಿ ನೋಡಿ. ಗುಂಡಗೆ, ಒಂದೇ ಗಾತ್ರದಲ್ಲಿ, ಬೇಕಾದಷ್ಟು ಇದ್ದರೆ ಚಿಂತೆಯಿಲ್ಲ. ಸಣ್ಣದಾಗುತ್ತಾ, ಕಡಿಮೆಯಾಗುತ್ತಾ ಬಂದರೆ ಅದೇ ಮೊದಲ ಎಚ್ಚರಿಕೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಕ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಊಟದ ಮುಖ್ಯ ಪಾಲು ಒಣಹುಲ್ಲು. ಅಂಗಡಿಯಲ್ಲಿ ಮೊಲಕ್ಕೆಂದೇ ಮಾರುವ ಟಿಮೊಥಿ ಹುಲ್ಲೇ ಆಗಬೇಕೆಂದಿಲ್ಲ. ಧೂಳು, ಬೂಷ್ಟು ಇಲ್ಲದ ಒಳ್ಳೆಯ ಒಣಹುಲ್ಲು ಸಾಕು. ಜೊತೆಗೆ ಗರಿಕೆ, ಕೊತ್ತಂಬರಿ, ಪುದೀನ. ಸೊಪ್ಪನ್ನು ತೊಳೆದು ಒದ್ದೆಯಾಗಿಯೇ ಕೊಟ್ಟರೆ ನೀರೂ ಹೋಗುತ್ತದೆ. ತಾನಾಗಿ ತಿನ್ನದಿದ್ದರೆ ಪೆಲೆಟ್ (ಮೊಲಕ್ಕೆಂದು ಸಿಗುವ ಒಣ ಗುಳಿಗೆ ಆಹಾರ) ನೆನೆಸಿ ನುಣ್ಣಗೆ ಮಾಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ, ಮುಂದಿನ ಹಲ್ಲುಗಳ ಹಿಂದೆ ತೊಟ್ಟು ತೊಟ್ಟಾಗಿ ಕೊಡಬಹುದು. ಅದು ನುಂಗಿದ ಮೇಲೆಯೇ ಮುಂದಿನ ತೊಟ್ಟು. ಹೊಟ್ಟೆ ಬಿರುಸಾಗಿ ಉಬ್ಬಿದ್ದರೆ ಮಾತ್ರ ತಿನ್ನಿಸಬೇಡಿ, ಆಸ್ಪತ್ರೆಗೆ ಹೊರಡಿ.

ಮೂಳೆ ಮುರಿದಿದೆ ಅಲ್ವಾ, ಕ್ಯಾಲ್ಸಿಯಂ ಸಿರಪ್ ಕೊಡೋಣ ಎನ್ನುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಬೇಡ ಎನ್ನಿ. ಊಟದಲ್ಲಿ ಎಷ್ಟು ಕ್ಯಾಲ್ಸಿಯಂ ಬಂದರೂ ಮೊಲದ ಕರುಳು ಅದನ್ನು ಹೀರಿಕೊಳ್ಳುತ್ತಲೇ ಹೋಗುತ್ತದೆ, ಹೆಚ್ಚಾಗಿದ್ದು ಮೂತ್ರದಲ್ಲಿ ಹೊರಬೀಳುತ್ತದೆ. ಓಡಾಟವಿಲ್ಲದೆ ಕೂತ ಮೊಲದಲ್ಲಿ ಅದೇ ಮೂತ್ರಕೋಶದ ತಳದಲ್ಲಿ ಕೆಸರಿನಂತೆ ನಿಂತು, ಕಲ್ಲೂ ಆಗಬಹುದು. ಬೆಳೆದ ಮೊಲಕ್ಕೆ ಕ್ಯಾಲ್ಸಿಯಂ ಹೆಚ್ಚಿರುವ ಕುದುರೆ ಮೆಂತ್ಯ (ಲೂಸರ್ನ್) ಸೊಪ್ಪನ್ನು ದಿನಾ ಹಾಕಬಾರದು ಎನ್ನುವುದೂ ಇದಕ್ಕೇ.

ನೋವಿನ ಔಷಧಿ

ಪೆಟ್ಟಾದರೂ ಮೊಲ ಕೂಗುವುದು ಅಪರೂಪ. ಬೇಟೆಗೆ ಸಿಗುವ ಪ್ರಾಣಿ ಅದು, ನೋವನ್ನು ಬಚ್ಚಿಡುತ್ತದೆ. ಮೂಲೆಯಲ್ಲಿ ಮುದುರಿ ಕೂರುವುದು, ಕಣ್ಣು ಅರೆಮುಚ್ಚುವುದು, ಗಟ್ಟಿಯಾಗಿ ಹಲ್ಲು ಕಡಿಯುವುದು ಇವೇ ಅದರ ಮಾತು. ವೈದ್ಯರು ಬರೆದುಕೊಟ್ಟ ಔಷಧಿಯನ್ನು 'ಚೆನ್ನಾಗೇ ಇದೆಯಲ್ಲ' ಎಂದು ನಡುವೆ ನಿಲ್ಲಿಸಬೇಡಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಬೇಡವೇ ಬೇಡ. ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೇ ಸಾಯಬಹುದು.

ಇರುವ ಜಾಗ

ಮೈಚಾಚಿ ಮಲಗುವಷ್ಟು, ತಿರುಗುವಷ್ಟು ಜಾಗ ಇರಲಿ. ಕುಪ್ಪಳಿಸುವಷ್ಟು ಬೇಡ, ಹತ್ತಲು ಅಟ್ಟಣಿಗೆಯೂ ಬೇಡ. ತಂತಿಯ ತಳವಂತೂ ಕೂಡದು. ಈಗ ಭಾರವೆಲ್ಲ ಚೆನ್ನಾಗಿರುವ ಕಾಲಿನ ಮೇಲೆ ಬೀಳುತ್ತದೆ, ಅದರ ಹಿಮ್ಮಡಿ ಹುಣ್ಣಾಗುತ್ತದೆ. ಹಳೆಯ ಕಂಬಳಿಯನ್ನು ಮಡಚಿ ಹಾಸಿ, ದಿನಾ ಬದಲಿಸಿ. ನೀರನ್ನು ಮಗುಚದಂಥ ಭಾರದ ಬಟ್ಟಲಲ್ಲಿಡಿ. ಜೊತೆಗಾರ ಮೊಲ ಇದ್ದರೆ ತೀರಾ ದೂರ ಮಾಡಬೇಡಿ. ಪಕ್ಕದ ಪಂಜರದಲ್ಲಿ ಕಾಣುವಂತೆ ಇಡಿ.

ಬೇಸಿಗೆಯಲ್ಲಿ ಬಟ್ಟೆ ಸುತ್ತಿದ ಐಸ್ ಬಾಟಲಿ ಪಕ್ಕದಲ್ಲಿಡಿ, 30 ಡಿಗ್ರಿ ದಾಟಿದರೆ ಮೊಲ ತಾಳುವುದಿಲ್ಲ. ಮಳೆಗಾಲದ ತೊಂದರೆ ನೊಣ. ಪಟ್ಟಿ ಕಟ್ಟಿದ ಮೊಲಕ್ಕೆ ಬಗ್ಗಿ ತನ್ನ ಹಿಂಭಾಗ ನೆಕ್ಕಿಕೊಳ್ಳಲು ಆಗುವುದಿಲ್ಲ. ಅದು ಗುದದಿಂದ ನೇರವಾಗಿ ತಿನ್ನಬೇಕಾದ ಮೆತ್ತನೆಯ ಹಿಕ್ಕೆಯೂ ಅಲ್ಲೇ ಅಂಟುತ್ತದೆ. (ಹೇಸಬೇಡಿ, ಅದರ ವಿಟಮಿನ್ ಇರುವುದೇ ಆ ಹಿಕ್ಕೆಯಲ್ಲಿ. ಕೆಳಗೆ ಬಿದ್ದಿದ್ದರೆ ಬಾಯಿ ಹತ್ತಿರ ಇಟ್ಟು ನೋಡಿ.) ಮೂತ್ರದಿಂದ ನೆನೆದ ರೋಮಕ್ಕೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಆಗುತ್ತವೆ. ದಿನಕ್ಕೆ ಎರಡು ಸಲ ಹಿಂಭಾಗ ನೋಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಸ್ನಾನ ಮಾಡಿಸಬೇಡಿ.

ಪಟ್ಟಿ ಒದ್ದೆಯಾಗಿದ್ದರೆ, ಜಾರಿದ್ದರೆ, ವಾಸನೆ ಬಂದರೆ, ಬೆರಳು ಊದಿದ್ದರೆ ಅಥವಾ ತಣ್ಣಗಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ನೀವೇ ಬಿಚ್ಚಿ ಕಟ್ಟಬೇಡಿ.

ಎತ್ತುವುದು ಹೇಗೆ?

ಆದಷ್ಟೂ ಎತ್ತಬೇಡಿ. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ, ಬೆನ್ನು ನಿಮ್ಮ ಮೈಗೆ ಆನಿಸಿದಂತಿರಲಿ. ಔಷಧಿ ಹಾಕುವಾಗ ನೆಲದ ಮೇಲೆ ಕೂತು ಟವೆಲ್ ಸುತ್ತಿಕೊಳ್ಳಿ. ಕೊಸರಾಡಿ ಬಿದ್ದರೂ ಎತ್ತರದಿಂದ ಬೀಳುವುದಿಲ್ಲ. ಅಂಗಾತ ಮಲಗಿಸಿದರೆ ಸುಮ್ನೆ ಇರುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಭಯದಿಂದ ಮರಗಟ್ಟಿರುತ್ತದೆ, ಹಾಗೆ ಮಾಡಬೇಡಿ.

ಪಟ್ಟಿ ಬಿಚ್ಚಿದ ಮೇಲೆ

ಎಕ್ಸ್‌ರೇ ನೋಡಿ ವೈದ್ಯರು ಸರಿ ಎಂದ ಮೇಲೂ ಒಮ್ಮೆಗೇ ಮನೆಯೆಲ್ಲ ಬಿಡಬೇಡಿ. ಸ್ನಾಯು ಸೊರಗಿರುತ್ತದೆ, ಕೀಲು ಬಿಗಿದಿರುತ್ತದೆ. ಮೊದಲ ದಿನಗಳಲ್ಲಿ ಕೆಲವೇ ನಿಮಿಷ, ಆಮೇಲೆ ವಾರದಿಂದ ವಾರಕ್ಕೆ ಜಾಸ್ತಿ ಮಾಡಿ. ನಮ್ಮ ಮನೆಗಳ ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲ ಮೊಲಕ್ಕೆ ದೊಡ್ಡ ಶತ್ರು. ಅದರ ಪಾದದಲ್ಲಿ ನಾಯಿಗಿರುವಂಥ ಮೆತ್ತೆಗಳಿಲ್ಲ, ಬರೀ ರೋಮ. ಜಾರಿ ಕಾಲುಗಳು ಅತ್ತಿತ್ತ ಚಾಚಿಕೊಳ್ಳುತ್ತವೆ. ಓಡಾಡುವ ಕಡೆಯೆಲ್ಲ ಯೋಗ ಮ್ಯಾಟ್ ಅಥವಾ ಅಡಿಯಲ್ಲಿ ರಬ್ಬರ್ ಇರುವ ಚಾಪೆ ಹಾಸಿ. ಸೋಫಾ, ಮಂಚ ಹತ್ತದಂತೆ ಅಡ್ಡ ಇಡಿ. ಹಿಕ್ಕೆ ನೋಡುವುದನ್ನು ಮಾತ್ರ ಆಮೇಲೂ ಬಿಡಬೇಡಿ.